ಲೇಸಿಕ್ ನಂತರ ಕಾಡುವ ಒಣಗಣ್ಣಿಗೆ ಸೀರಮ್ ಹನಿ: ಬಳಸುವ ಕ್ರಮ

ಕನ್ನಡಕದ ಅಗತ್ಯ ತಗ್ಗಿಸಲು ಮಾಡುವ ಲೇಸಿಕ್ ಎಂಬ ಲೇಸರ್ ಶಸ್ತ್ರಚಿಕಿತ್ಸೆಯಲ್ಲಿ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಹೊದಿಕೆ) ತೆಳುವಾದ ಪದರವೊಂದನ್ನು ಕತ್ತರಿಸಿ ಎತ್ತುವಾಗ ಅದರೊಳಗೆ ಹಾದುಹೋಗುವ ಸೂಕ್ಷ್ಮ ನರಗಳೂ ತುಂಡಾಗುತ್ತವೆ. ಕಣ್ಣು ಒಣಗಿದೆ ಎಂಬುದನ್ನು ಮಿದುಳಿಗೆ ತಿಳಿಸಿ ಕಣ್ಣೀರು ಸುರಿಸುವುದಕ್ಕೂ ರೆಪ್ಪೆ ಮಿಟುಕಿಸುವುದಕ್ಕೂ ಕಾರಣವಾಗುವುದು ಇದೇ ನರಗಳಾದ್ದರಿಂದ, ಚಿಕಿತ್ಸೆಯ ನಂತರ ಕೆಲಕಾಲ ಉರಿ, ಮರಳು ಬಿದ್ದಂಥ ಚುಚ್ಚುವಿಕೆ, ಆಗಾಗ ಮಸುಕಾಗುವ ನೋಟ ಸಾಮಾನ್ಯ. ಬಹುತೇಕರಿಗೆ 6ರಿಂದ 12 ತಿಂಗಳೊಳಗೆ ಇದು ತಗ್ಗುತ್ತದೆ. ತಗ್ಗದೆ ಉಳಿದವರಿಗೆ ಸೂಚಿಸಬಹುದಾದ ಚಿಕಿತ್ಸೆಗಳಲ್ಲಿ ರೋಗಿಯ ಸ್ವಂತ ರಕ್ತದ ಸೀರಮ್‌ನಿಂದಲೇ (ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಡುವ ತಿಳಿದ್ರವ) ತಯಾರಿಸುವ ಹನಿಯೂ ಒಂದು.

ಇದು ಮೊದಲ ಹೆಜ್ಜೆಯಲ್ಲ. ಸಂರಕ್ಷಕ ರಾಸಾಯನಿಕವಿಲ್ಲದ ಕೃತಕ ಕಣ್ಣೀರು, ರೆಪ್ಪೆಯ ಅಂಚಿನ ಎಣ್ಣೆಗ್ರಂಥಿಗಳಿಗೆ ಬಿಸಿ ಶಾಖ, ಉರಿಯೂತ ತಗ್ಗಿಸುವ ಸೈಕ್ಲೋಸ್ಪೋರಿನ್ ಹನಿ, ಕಣ್ಣೀರು ಹರಿದುಹೋಗುವ ರಂಧ್ರಕ್ಕೆ ಇಡುವ ಪುಟ್ಟ ಬಿರಡೆ, ಇವುಗಳನ್ನು ಪರಿಶೀಲಿಸಿದ ಮೇಲೆಯೇ ಸೀರಮ್ ಮಾತು ಬರಬೇಕು. ಎಣ್ಣೆಗ್ರಂಥಿ ಕಟ್ಟಿಕೊಂಡಿರುವುದೇ ಮೂಲ ಕಾರಣವಾಗಿದ್ದರೆ ಅದನ್ನು ಹಾಗೆಯೇ ಬಿಟ್ಟು ಸೀರಮ್ ಹಾಕುವುದರಿಂದ ಹೆಚ್ಚಿನ ಪ್ರಯೋಜನ ನಿರೀಕ್ಷಿಸುವಂತಿಲ್ಲ. ಆದ್ದರಿಂದ ಒಣಗಣ್ಣಿಗೆ ನಿಮ್ಮಲ್ಲಿ ಕಾರಣವೇನೆಂದು ವೈದ್ಯರನ್ನು ಸ್ಪಷ್ಟವಾಗಿ ಕೇಳಿ ತಿಳಿದುಕೊಳ್ಳಿ.

ಕೃತಕ ಕಣ್ಣೀರು ಕಣ್ಣನ್ನು ತೇವಗೊಳಿಸುತ್ತದೆ, ಅಷ್ಟೆ. ಸೀರಮ್‌ನಲ್ಲಿ ಸಹಜ ಕಣ್ಣೀರಿನಲ್ಲಿರುವಂತೆಯೇ ಎ ಜೀವಸತ್ವ, ಗಾಯ ಮಾಯಲು ನೆರವಾಗುವ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನ್, ಕಾರ್ನಿಯಾದ ಹೊರಪದರವನ್ನೂ ನರಗಳನ್ನೂ ಪೋಷಿಸುವ ಬೆಳವಣಿಗೆಯ ಅಂಶಗಳು ಇರುತ್ತವೆ. ಒಣಗಣ್ಣಿಗೆ ಇದರ ಬಳಕೆ 1984ರಲ್ಲೇ ವೈದ್ಯಕೀಯ ಸಾಹಿತ್ಯದಲ್ಲಿ ವರದಿಯಾಗಿತ್ತು.

ತಯಾರಿ ಆಸ್ಪತ್ರೆಯ ಅಥವಾ ರಕ್ತನಿಧಿಯ ಕೆಲಸ. ಎಚ್‌ಐವಿ, ಹೆಪಟೈಟಿಸ್ ಮುಂತಾದ ಸೋಂಕುಗಳ ಪರೀಕ್ಷೆ ಮಾಡಿಸುವುದು ವಾಡಿಕೆ. ತೋಳಿನಿಂದ ತೆಗೆದ ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಮೇಲೆ ನಿಂತ ತಿಳಿಹಳದಿ ದ್ರವವನ್ನು ಬೇರ್ಪಡಿಸಿ, ಲವಣ ದ್ರಾವಣದಲ್ಲಿ ಸಾಮಾನ್ಯವಾಗಿ ಶೇಕಡಾ 20ರ ಪ್ರಮಾಣಕ್ಕೆ ತೆಳುಗೊಳಿಸಿ, ಕ್ರಿಮಿರಹಿತ ಪುಟ್ಟ ಬಾಟಲಿಗಳಿಗೆ ತುಂಬುತ್ತಾರೆ. ಅಗತ್ಯವಿದ್ದರೆ ಶೇಕಡಾ 50 ಅಥವಾ ಅದಕ್ಕಿಂತ ಗಾಢವಾದುದನ್ನೂ ಕೊಡುವುದುಂಟು. ಮನೆಯಲ್ಲಿ ಇದನ್ನು ಮಾಡುವ ಯೋಚನೆಯನ್ನೇ ಮಾಡಬೇಡಿ. ಕ್ರಿಮಿ ಸೇರಿದ ಹನಿಯಿಂದ ಕಾರ್ನಿಯಾದಲ್ಲಿ ಹುಣ್ಣಾದರೆ ದೃಷ್ಟಿಯೇ ಹೋಗಬಹುದು.

ಬಾಟಲಿಗಳು ಕೈಸೇರಿದ ಮೇಲಿನ ಹೊಣೆ ನಿಮ್ಮದು, ನನ್ನ ದೃಷ್ಟಿಯಲ್ಲಿ ಈ ಚಿಕಿತ್ಸೆಯ ಅತಿ ಮುಖ್ಯ ಭಾಗವೂ ಇದೇ. ಇದರಲ್ಲಿ ಸಂರಕ್ಷಕ ಇರುವುದಿಲ್ಲ. ಪ್ರೋಟೀನ್ ತುಂಬಿರುವ ಕಾರಣ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುತ್ತದೆ. ಮನೆಗೆ ತರುವಾಗ ಮಂಜುಗಡ್ಡೆಯ ಪೊಟ್ಟಣವಿರುವ ಪೆಟ್ಟಿಗೆಯಲ್ಲಿ ತನ್ನಿ. ತೆರೆಯದ ಬಾಟಲಿಗಳನ್ನು ಫ್ರೀಜರ್‌ನಲ್ಲಿ, ಮೈನಸ್ 20 ಡಿಗ್ರಿಯಷ್ಟು ತಂಪಿನಲ್ಲಿ, ಬಾಗಿಲಿನ ಬದಿಗಿಡದೆ ಒಳಭಾಗದಲ್ಲಿಡಿ. ಹೀಗಿಟ್ಟರೆ ಸಾಮಾನ್ಯವಾಗಿ 3 ತಿಂಗಳು ಬಾಳುತ್ತವೆ. ಒಂದು ಬಾರಿಗೆ ಒಂದೇ ಬಾಟಲಿಯನ್ನು ಹೊರತೆಗೆದು ತಾನಾಗಿ ಕರಗಲು ಬಿಡಿ. ಬಿಸಿನೀರಿನಲ್ಲಾಗಲಿ ಮೈಕ್ರೊವೇವ್‌ನಲ್ಲಾಗಲಿ ಕರಗಿಸಬಾರದು, ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ತೆರೆದ ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟು, ಹನಿ ತಯಾರಿಸಿಕೊಟ್ಟ ಕೇಂದ್ರ ಹೇಳಿದ ಅವಧಿಯೊಳಗೆ ಮುಗಿಸಿ. ಕೆಲವರು ಒಂದು ದಿನ, ಕೆಲವರು ಒಂದು ವಾರ ಎನ್ನುತ್ತಾರೆ. ಉಳಿದದ್ದನ್ನು ಚೆಲ್ಲಿ. ಬೆಳಕಿಗೆ ಎ ಜೀವಸತ್ವ ಕೆಡುವುದರಿಂದ ಬಾಟಲಿಗೆ ಅಲ್ಯೂಮಿನಿಯಂ ಹಾಳೆ ಸುತ್ತುವುದು ಒಳ್ಳೆಯದು. ಮನೆಮಂದಿಯದ್ದೂ ಹನಿ ಬಾಟಲಿಗಳು ಅಲ್ಲಿದ್ದರೆ ನಿಮ್ಮ ಹೆಸರು ಬರೆದಿಡಿ, ಏಕೆಂದರೆ ಇದನ್ನು ಬೇರೆಯವರು ಹಾಕಿಕೊಳ್ಳುವಂತಿಲ್ಲ.

ಹಾಕುವ ಮುನ್ನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಹಿಂದಿನ ದಿನಕ್ಕಿಂತ ಮಸುಕಾಗಿದ್ದರೆ, ಎಳೆಗಳು ತೇಲುತ್ತಿದ್ದರೆ, ವಾಸನೆ ಬಂದರೆ ಬಳಸದೆ ಕೇಂದ್ರಕ್ಕೆ ತಿಳಿಸಿ. ಸಾಬೂನಿನಿಂದ ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ತುಸು ಎಳೆದು, ಬಾಟಲಿಯ ತುದಿ ರೆಪ್ಪೆಗೂದಲಿಗೂ ತಾಗದಂತೆ ಒಂದೇ ಹನಿ ಬಿಡಿ; ಎರಡನೆಯದು ಕೆನ್ನೆಯ ಮೇಲೆ ಹರಿದು ವ್ಯರ್ಥವಾಗುತ್ತದೆ. ಬೇರೆ ಹನಿಗಳಿದ್ದರೆ ನಡುವೆ 5ರಿಂದ 10 ನಿಮಿಷ ಬಿಡುವಿರಲಿ. ದಿನಕ್ಕೆ 4ರಿಂದ 8 ಬಾರಿ ಹಾಕಲು ಹೇಳುವುದು ರೂಢಿ, ಆದರೆ ನಿಮ್ಮ ಚೀಟಿಯಲ್ಲಿರುವುದೇ ನಿಮಗೆ ಲೆಕ್ಕ.

ನೋವು ಹೆಚ್ಚಿದರೆ, ಕಣ್ಣು ಕೆಂಪಾಗಿ ಕೀವಿನಂಥ ಪಿಸಿರು ಬಂದರೆ, ಬೆಳಕು ಸಹಿಸಲಾಗದಿದ್ದರೆ ಅಥವಾ ನೋಟ ಥಟ್ಟನೆ ಮಂಜಾದರೆ ಹನಿಯನ್ನು ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಿ, ಬಳಸುತ್ತಿದ್ದ ಬಾಟಲಿಯನ್ನೂ ಜೊತೆಗೆ ಕೊಂಡೊಯ್ಯಿರಿ. ಇಂಥ ಲಕ್ಷಣಗಳಿಲ್ಲದಿದ್ದರೆ ಕೆಲವು ವಾರಗಳ ತಾಳ್ಮೆ ಬೇಕು. ಮರುಭೇಟಿಯಲ್ಲಿ ವೈದ್ಯರು ಗಾಯವನ್ನು ಎತ್ತಿ ತೋರಿಸುವ ಫ್ಲೋರೆಸೀನ್ ಬಣ್ಣ ಹಾಕಿ ಕಾರ್ನಿಯಾದ ಮೇಲಿನ ಗಾಯದ ಚುಕ್ಕೆಗಳು ಕಡಿಮೆಯಾಗಿವೆಯೇ ಎಂದು ನೋಡುತ್ತಾರೆ. ಚುಕ್ಕೆಗಳು ಮಾಯವಾಗಿಯೂ ಉರಿ ಹಾಗೆಯೇ ಉಳಿದಿದ್ದರೆ ಅದು ಹಾನಿಗೊಂಡ ನರಗಳ ನೋವಾಗಿರಬಹುದು. ಕಣ್ಣಿಗೆ ಅರಿವಳಿಕೆಯ ಹನಿ ಹಾಕಿ ಆ ನೋವು ತಗ್ಗುತ್ತದೆಯೇ ಎಂದು ಪರೀಕ್ಷಿಸುವುದು ಆಗ ಅಗತ್ಯ. ಅದನ್ನು ಮಾಡುವಂತೆ ನೀವಾಗಿಯೇ ಕೇಳಿ.