ರಾತ್ರಿ ಊಟವಾದ ಮೇಲೆ ಒಂದು ಗುಳಿಗೆ

ನಾನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ದಮ್ಮು, ಅಂದರೆ ಅಸ್ತಮಾ, ಇರುವವನಿಗೆ ಇದಕ್ಕಿಂತ ಕೆಟ್ಟ ಕೆಲಸ ಹುಡುಕಿದರೂ ಸಿಗಲಿಕ್ಕಿಲ್ಲ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತ ನಮ್ಮೂರವರು ಹೆಮ್ಮೆಯಿಂದ ಹೇಳುತ್ತಾರೆ. ನಿಜವೇ. ಆದರೆ ಸೀಜನ್ನಿನಲ್ಲಿ ಸೋಮವಾರ, ಗುರುವಾರ ಲಕ್ಷಕ್ಕೂ ಜಾಸ್ತಿ ಚೀಲ ಬಂದು ಬಿದ್ದಾಗ ಆ ಹೆಮ್ಮೆ ನನ್ನ ಎದೆಗೆ ತಿಳಿಯುವುದಿಲ್ಲ. ಹೊರಗಿನಿಂದ ಬಂದವರು ಮಾರುಕಟ್ಟೆಯ ಗೇಟು ದಾಟುತ್ತಲೇ ಸೀನುತ್ತಾರೆ. ನಾವು ನಗುತ್ತೇವೆ. ನಾನು ಮಾತ್ರ ಸ್ವಲ್ಪ ಕಮ್ಮಿ ನಗುತ್ತೇನೆ.

ದಮ್ಮು ನಮ್ಮ ಮನೆಯಲ್ಲಿ ಹಳೇ ನೆಂಟ. ಅಪ್ಪನಿಗೂ ಇತ್ತು. ಅವರ ಕಾಲದಲ್ಲಿ ಥಿಯೋಫಿಲಿನ್ ಇರುವ ಗುಳಿಗೆ ಕೊಡುತ್ತಿದ್ದರು. ನುಂಗಿದರೆ ಕೈ ನಡುಗುತ್ತಿತ್ತು, ಎದೆ ಡವಡವ ಅನ್ನುತ್ತಿತ್ತು. ಒಂದು ವರ್ಷ ಮೃಗಶಿರ ಮಳೆ ಹೊತ್ತಿಗೆ ಹೈದರಾಬಾದಿಗೆ ಹೋಗಿ ಮೀನು ಮದ್ದನ್ನೂ ತಗೊಂಡು ಬಂದರು. ನಾವು ಮೀನು ತಿನ್ನದವರು, ಹಾಗಾಗಿ ಬೆಲ್ಲದಲ್ಲಿ ಇಟ್ಟು ಕೊಟ್ಟರಂತೆ. ಗುಣ ಕಾಣಲಿಲ್ಲ. ಬೆಲ್ಲ ಚೆನ್ನಾಗಿತ್ತು ಅಂತ ಅಪ್ಪ ಕೊನೇತನಕ ಹೇಳುತ್ತಿದ್ದರು.

ನನಗೆ ಡಾಕ್ಟರು ಮೊದಲು ಕೊಟ್ಟಿದ್ದು ಪಂಪು, ಅಂದರೆ ಬಾಯಿಂದ ಔಷಧಿ ಎಳೆದುಕೊಳ್ಳುವ ಇನ್ಹೇಲರ್. ಒಂದಲ್ಲ, ಎರಡು. ದಿನಾ ಎರಡು ಹೊತ್ತು ಎಳೆಯುವ ಬುಡೆಸೊನೈಡ್ ಒಂದು. ಉಸಿರು ಕಟ್ಟಿದಾಗ ಎಳೆಯುವ ಸಾಲ್ಬುಟಮಾಲ್ ಇನ್ನೊಂದು. ಇಷ್ಟಾದರೂ ಬೆಳಗಿನ ಜಾವ ಮೂರಕ್ಕೆ ಕೆಮ್ಮು ಎಬ್ಬಿಸುತ್ತಿತ್ತು. ಮೂಗು ಸದಾ ಕಟ್ಟಿರುತ್ತಿತ್ತು. ಅದನ್ನು ನೋಡಿ ನಾಲ್ಕು ವರ್ಷದ ಹಿಂದೆ ಅಕ್ಟೋಬರ್‌ನಲ್ಲಿ ಒಂದು ಗುಳಿಗೆ ಸೇರಿಸಿದರು. ಮಾಂಟೆಲುಕಾಸ್ಟ್, 10 ಮಿಲಿಗ್ರಾಂ, ರಾತ್ರಿ ಒಂದು. ಊಟದ ಮುಂಚೆಯೋ ಆಮೇಲೋ ಅನ್ನುವ ಕಟ್ಟುಪಾಡು ಇಲ್ಲ, ಆದರೆ ದಿನಾ ಒಂದೇ ಹೊತ್ತಿಗೆ ತಗೊಳ್ರಿ ಅಂದರು.

ಗುಳಿಗೆ ಅಂದ ಕೂಡಲೇ ನನಗೆ ಖುಷಿಯಾಯಿತು. ಕಾರಣ ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ. ಪಂಪು ಎಳೆಯುವುದನ್ನು ನಾಲ್ಕು ಜನ ನೋಡುತ್ತಾರೆ. ಗುಳಿಗೆ ನುಂಗಿದರೆ ಯಾರೂ ಕೇಳುವುದಿಲ್ಲ. ಬಿಪಿ ಗುಳಿಗೆಯೋ ಏನೋ ಅಂದುಕೊಳ್ಳುತ್ತಾರೆ, ಅಷ್ಟೇ. ಅಂಗಡಿಗೆ ಬರುವ ರೈತರ ಮುಂದೆ ಪಂಪು ತೆಗೆದರೆ "ಅದು ಹತ್ತಿದ್ರ ಬಿಡಂಗಿಲ್ರಿ" ಅಂತ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಗುಳಿಗೆಗೆ ಯಾರೂ ಹಾಗೆ ಹೇಳಿದ್ದು ನಾನು ಕೇಳಿಲ್ಲ.

ಮೊದಲ ವಾರದಲ್ಲೇ ರಾತ್ರಿ ಕೆಮ್ಮು ಕಮ್ಮಿಯಾಯಿತು. ತಿಂಗಳಾಗುವಷ್ಟರಲ್ಲಿ ಮೂಗು ಬಿಟ್ಟಿತು. ಒಗ್ಗರಣೆ ವಾಸನೆ ಗೊತ್ತಾಗತೊಡಗಿತು. ಡಿಸೆಂಬರ್‌ಗೆ ನಾನು ಪೂರ್ತಿ ಗುಣವಾದವನ ಹಾಗೆ ಓಡಾಡುತ್ತಿದ್ದೆ. ಅಲ್ಲಿಗೆ ನನ್ನ ಲೆಕ್ಕ ತಪ್ಪಿತು. ಗುಳಿಗೆ ಇದೆಯಲ್ಲ, ಇನ್ನು ಪಂಪು ಯಾಕೆ ಅಂತ ಎರಡನ್ನೂ ಕಪಾಟಿಗೆ ಹಾಕಿದೆ. ಯಾರನ್ನೂ ಕೇಳಲಿಲ್ಲ.

ಜನವರಿ ಕೊನೆಯ ಒಂದು ಸೋಮವಾರ. ಆವಕ ಜೋರಿತ್ತು. ಸಂಜೆ ಆರಕ್ಕೇ ಎದೆ ಬಿಗಿಯತೊಡಗಿತ್ತು. ಕೆಲಸ ಮುಗಿಸಿ ಮನೆಗೆ ಬಂದೆ, ಗುಳಿಗೆ ನುಂಗಿದೆ. ಹತ್ತು ಗಂಟೆಗೆ ಸೊಂಯ್ ಸೊಂಯ್ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. ನಾನು ಏನು ಮಾಡಿದೆ ಗೊತ್ತಾ? ಇನ್ನೊಂದು ಗುಳಿಗೆ ನುಂಗಿದೆ. ಏನೂ ಆಗಲಿಲ್ಲ. ಕಪಾಟಿನ ಪಂಪು ತೆಗೆದರೆ ಅದು ಖಾಲಿ. ಹನ್ನೆರಡರ ಹೊತ್ತಿಗೆ ಒಂದು ಮಾತು ಪೂರ್ತಿ ಆಡಲಿಕ್ಕೂ ಉಸಿರು ಸಾಲುತ್ತಿರಲಿಲ್ಲ. ಮನೆಯವಳು ಪಕ್ಕದ ಮನೆಯವರನ್ನು ಎಬ್ಬಿಸಿ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನೆಬುಲೈಸರ್ ಮಾಸ್ಕ್ ಮುಖಕ್ಕೆ ಕಟ್ಟಿಕೊಂಡು ಬೆಳಗಿನ ತನಕ ಕೂತೇ ಇದ್ದೆ. ಮಲಗಲು ಆಗುತ್ತಿರಲಿಲ್ಲ.

ಡಾಕ್ಟರು ಬೈಯಲಿಲ್ಲ. ಒಂದು ಹಾಳೆ ತಗೊಂಡು ಚಿತ್ರ ಬರೆದರು. ಅಲರ್ಜಿ ಆದಾಗ ನಮ್ಮ ಮೈಯೇ ಲ್ಯೂಕೋಟ್ರೈನ್ ಅನ್ನುವ ಪದಾರ್ಥ ಬಿಡುತ್ತದೆ. ಅದು ಉಸಿರುಕೊಳವೆಯಲ್ಲಿ ಒಂದು ಬೀಗದ ಕಿಂಡಿಯಲ್ಲಿ ಕೂತಾಗ ಕೊಳವೆ ಬಿಗಿಯುತ್ತದೆ, ಬಾಯುತ್ತದೆ, ಕಫ ಜಾಸ್ತಿಯಾಗುತ್ತದೆ. ಈ ಗುಳಿಗೆ ಮೊದಲೇ ಹೋಗಿ ಆ ಕಿಂಡಿಯಲ್ಲಿ ಕೂರುತ್ತದೆ. ಹಾಗಾಗಿ ದಿನಾ ಬೇಕು. ಬಿಗಿದ ಕೊಳವೆಯನ್ನು ಆ ಹೊತ್ತಿಗೆ ಬಿಚ್ಚುವ ಶಕ್ತಿ ಅದಕ್ಕಿಲ್ಲ. ಅದು ಸಾಲ್ಬುಟಮಾಲ್ ಪಂಪಿನ ಕೆಲಸ. ಇನ್ನು ಒಳಗಿನ ಬಾವು ಒಟ್ಟಾರೆ ಇಳಿಸುವುದರಲ್ಲಿ ಬುಡೆಸೊನೈಡಿಗೆ ಈ ಗುಳಿಗೆ ಸಮ ಅಲ್ಲ. "ಪಂಪು ಮನೀ ಮಗ, ಗುಳಿಗಿ ಕೈಯಾಳು. ನೀವು ಮಗನ್ನ ಹೊರಗ ಹಾಕಿ ಆಳಿನ ಕೈಯಾಗ ಮನೀ ಕೊಟ್ರಿ" ಅಂದರು.

ಮತ್ತೊಂದು ಮಾತನ್ನೂ ಹೇಳಿದರು. ಮೆಣಸಿನಕಾಯಿ ಘಾಟು ಅಲರ್ಜಿಯಲ್ಲ, ನೇರ ಉರಿ. ಅದನ್ನು ಗುಳಿಗೆ ತಡೆಯುತ್ತದೆ ಅಂತ ನಂಬಬೇಡಿ, ಮಾಸ್ಕ್ ಹಾಕಿ ಅಂದರು. ಸಾವುಕಾರ್ರಿಗೆ ಹೇಳಿ ನನ್ನ ಮೇಜನ್ನು ಚೀಲ ಸುರಿಯುವ ಕಟ್ಟೆಯಿಂದ ಒಳಕೋಣೆಗೆ ಸರಿಸಿಕೊಂಡೆ. ಹೇಳಬೇಕೆಂದರೆ, ಆ ಮೇಜು ಸರಿಸಿದ್ದು ಅರ್ಧ ಔಷಧಿಯ ಕೆಲಸ ಮಾಡಿತು.

ಆಮೇಲೆ ನನಗೆ ಗೊತ್ತಿರುವ ವಿದ್ಯೆಯನ್ನೇ ಇದಕ್ಕೂ ಹಚ್ಚಿದೆ. ಒಂದು ಹಳೇ ಖಾತೆ ಪುಸ್ತಕ ತಗೊಂಡೆ. ದಿನಕ್ಕೊಂದು ಸಾಲು. ಗುಳಿಗೆ ಆಯಿತೋ ಇಲ್ಲವೋ, ನಿತ್ಯದ ಪಂಪು ಎರಡು ಹೊತ್ತು ಆಯಿತೋ, ತುರ್ತಿನ ಪಂಪು ಎಷ್ಟು ಸಲ, ರಾತ್ರಿ ಎಚ್ಚರವಾಯಿತೇ. ಪೀಕ್ ಫ್ಲೋ ಮೀಟರ್ ಅಂತ ಒಂದು ಕೊಳವೆ ಸಿಗುತ್ತದೆ. ಜೋರಾಗಿ ಊದಿದರೆ ಮುಳ್ಳು ಮೇಲೆ ಹೋಗುತ್ತದೆ. ನನ್ನ ಅತಿ ಒಳ್ಳೆಯ ಅಂಕಿ 420. ಅದರ ಶೇಕಡಾ 80, ಅಂದರೆ 336ರ ಮೇಲಿದ್ದರೆ ಹಸಿರು. ಅಲ್ಲಿಂದ ಕೆಳಗೆ 210ರ ತನಕ ಹಳದಿ. 210ಕ್ಕಿಂತ ಕೆಳಗೆ ಬಂದರೆ ತುರ್ತಿನ ಪಂಪು ಎಳೆದು ಸೀದಾ ಆಸ್ಪತ್ರೆ. ನನ್ನ ಎದೆ ಹೇಳುವ ಮೊದಲೇ ಈ ಅಂಕಿ ಹೇಳುತ್ತದೆ. ಎರಡು ದಿನ ಮುಂಚೆಯೇ 390ರಿಂದ 340ಕ್ಕೆ ಇಳಿದಿರುತ್ತದೆ. ನನಗೆ ಮಾತ್ರ ಏನೂ ಅನ್ನಿಸಿರುವುದಿಲ್ಲ.

ಗುಳಿಗೆ ಮರೆಯುವುದು ನನ್ನ ದೊಡ್ಡ ತೊಂದರೆಯಾಗಿತ್ತು. ಚೆನ್ನಾಗಿರುವ ದಿನವೇ ಮರೆಯುತ್ತದೆ ನೋಡಿ. ಮೊಬೈಲ್ ಅಲಾರಾಂ ಇಟ್ಟೆ, ಆಫ್ ಮಾಡಿ ಸುಮ್ನೆ ಮಲಗಿದೆ. ಕೊನೆಗೆ ಕೆಲಸಕ್ಕೆ ಬಂದಿದ್ದು ಬಾಲ್ ಪೆನ್ನು. ಸ್ಟ್ರಿಪ್ ತಂದ ದಿನವೇ ಹಿಂದುಗಡೆ ಪ್ರತಿ ಗುಳಿಗೆಯ ಮೇಲೆ ತಾರೀಖು ಬರೆಯುತ್ತೇನೆ. ತೂತು ಮಾಡಿ ಡಬ್ಬಿಗೆ ಹಾಕಿಡುವುದಿಲ್ಲ, ಬೆಳಕು ತೇವ ತಾಗಬಾರದು ಅಂತ ಅದರ ಮೇಲೇ ಬರೆದಿದೆ. ಸ್ಟ್ರಿಪ್ ಇರುವುದು ಹಲ್ಲುಜ್ಜುವ ಬ್ರಷ್ಷಿನ ಪಕ್ಕದ ಡ್ರಾಯರ್‌ನಲ್ಲಿ. 14 ಅಂತ ಬರೆದದ್ದು 15ನೇ ರಾತ್ರಿ ಇನ್ನೂ ಅಲ್ಲೇ ಇದ್ದರೆ ತಪ್ಪಿದೆ ಅಂತ ಅರ್ಥ. ತಪ್ಪಿದ್ದಕ್ಕೆ ಮಾರನೇ ದಿನ ಎರಡು ನುಂಗುವುದಿಲ್ಲ. ಪುಸ್ತಕದಲ್ಲಿ ಒಂದು ಸೊನ್ನೆ ಹಾಕಿ ಮುಂದೆ ಹೋಗುತ್ತೇನೆ. ಇಷ್ಟಾದ ಮೇಲೂ ಹಾಸಿಗೆ ಹಾಸುತ್ತ "ಗುಳಿಗಿ ತಗೊಂಡ್ರ್ಯಾ?" ಅಂತ ಮನೆಯವಳು ಕೇಳುತ್ತಾಳೆ. ಆ ಅಲಾರಾಂ ಆಫ್ ಆಗುವುದಿಲ್ಲ.

ಎರಡನೇ ವರ್ಷ ಇನ್ನೊಂದು ಎಡವಟ್ಟು. ಚೀಟಿ ಮನೆಯಲ್ಲಿತ್ತು, ಮೆಡಿಕಲ್ ಶಾಪಿನಲ್ಲಿ ಹೆಸರು ಬಾಯಲ್ಲಿ ಹೇಳಿ ಗುಳಿಗೆ ತಂದೆ. ಮರುದಿನದಿಂದ ಕಣ್ಣು ಎಳೆಯತೊಡಗಿತು. ಒಂದು ಪಟ್ಟಿಯ ಮೊತ್ತದಲ್ಲಿ ಒಂಬತ್ತು ಸಾವಿರ ರೂಪಾಯಿ ತಪ್ಪಾಯಿತು. ಹದಿನೈದು ವರ್ಷದಲ್ಲಿ ನಾನು ಅಂಥ ತಪ್ಪು ಮಾಡಿರಲಿಲ್ಲ. ವಾರದ ಮೇಲೆ ಸ್ಟ್ರಿಪ್ ತಿರುಗಿಸಿ ಓದಿದರೆ ಹೆಸರಿನ ಕೊನೆಗೆ ಎಲ್‌ಸಿ ಅಂತ ಎರಡು ಅಕ್ಷರ ಜಾಸ್ತಿ. ಅಂದರೆ ಮಾಂಟೆಲುಕಾಸ್ಟ್ ಜೊತೆಗೆ ಲೆವೊಸೆಟಿರಿಜಿನ್ ಕೂಡ ಇದೆ. ಅದು ನೆಗಡಿ, ಸೀನಿನ ಅಲರ್ಜಿಗೆ ಕೊಡುವ ಔಷಧಿ, ಕೆಲವರಿಗೆ ತೂಕಡಿಕೆ ತರುತ್ತದೆ. ಈ ಜೋಡಿ ಗುಳಿಗೆ ನಮ್ಮ ಕಡೆ ಎಷ್ಟು ಓಡುತ್ತದೆ ಅಂದರೆ ಅಂಗಡಿಯವರ ಕೈ ತಾನಾಗಿ ಅದಕ್ಕೇ ಹೋಗುತ್ತದೆ. ತಪ್ಪು ಅವರದ್ದು ಅರ್ಧ, ಚೀಟಿ ಒಯ್ಯದ ನನ್ನದು ಅರ್ಧ.

ಇನ್ನೊಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ತಂಗಿಯ ಮಗನಿಗೆ ಎಂಟು ವರ್ಷ. ಅವನಿಗೂ ಇದೇ ಔಷಧಿ ಕೊಟ್ಟರು, 5 ಮಿಲಿಗ್ರಾಂ, ಚೀಪಿ ಅಗಿಯುವ ಗುಳಿಗೆ. ರುಚಿ ಸಿಹಿ, ಹುಡುಗ ತಕರಾರಿಲ್ಲದೆ ತಿಂದ. ಎರಡು ವಾರದ ಮೇಲೆ ತಂಗಿ ಫೋನ್ ಮಾಡಿದಳು. "ಅಣ್ಣಾ, ರಾತ್ರಿ ಚಿಟ್ಟನೆ ಚೀರಿ ಏಳ್ತಾನ. ಹಗಲೆಲ್ಲಾ ಸಿಟ್ಟು. ತಮ್ಮನ್ನ ಹೊಡೀತಾನ. ಇಂವ ಹಿಂಗ ಇದ್ದಿಲ್ಲ." ಮನೆಯಲ್ಲಿ ಹಿರಿಯರು ದೃಷ್ಟಿ ತೆಗೆದಿದ್ದರು. ಶಾಲೆಯಲ್ಲಿ ಯಾರೋ ಹೆದರಿಸಿರಬೇಕು ಅಂತಲೂ ಅಂದುಕೊಂಡರು. ಗುಳಿಗೆ ಕಡೆ ಯಾರ ಲಕ್ಷ್ಯವೂ ಹೋಗಿರಲಿಲ್ಲ, ಉಸಿರಿನ ಔಷಧಿಗೂ ಕನಸಿಗೂ ಏನು ಸಂಬಂಧ ಅಲ್ವಾ?

ಸಂಬಂಧ ಇದೆ. ನನಗೆ ಡಾಕ್ಟರು ಮೊದಲೇ ಹೇಳಿದ್ದರಿಂದ ನೆನಪಾಯಿತು. ಕೆಲವರಿಗೆ ಈ ಗುಳಿಗೆಯಿಂದ ಕೆಟ್ಟ ಕನಸು, ನಿದ್ದೆಗೇಡು, ಸಿಡುಕು, ಮಂಕು ಬರಬಹುದು. ಜೀವ ಕಳೆದುಕೊಳ್ಳುವ ಯೋಚನೆ ಬಂದದ್ದೂ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರಲ್ಲಿ ಒಪ್ಪಿಗೆ ಕೊಟ್ಟಿದ್ದ ಔಷಧಿ ಇದು. 2020ರ ಮಾರ್ಚ್‌ನಲ್ಲಿ ಅದೇ ಸಂಸ್ಥೆ ಇದಕ್ಕೆ ತನ್ನ ಅತಿ ಗಟ್ಟಿ ಎಚ್ಚರಿಕೆಯನ್ನು ಹಾಕಿಸಿತು. ಅದೇ ದಿನ ಹುಡುಗನನ್ನು ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಹೇಳಿದೆ. ಅವರು ಗುಳಿಗೆ ನಿಲ್ಲಿಸಿ, ಸ್ಪೇಸರ್ ಅನ್ನುವ ಟೊಳ್ಳು ಕೊಳವೆ ಹಚ್ಚಿದ ಪಂಪು ಮುಂದುವರಿಸಿದರು. ವಾರ ಹತ್ತು ದಿನದಲ್ಲಿ ಹುಡುಗ ಮೊದಲಿನಂತಾದ. ಎಷ್ಟೋ ಜನರಿಗೆ ಏನೂ ಆಗುವುದಿಲ್ಲ, ನನಗೂ ಆಗಲಿಲ್ಲ. ಆದರೂ ನನ್ನ ಖಾತೆ ಪುಸ್ತಕದಲ್ಲಿ ಅಂದಿನಿಂದ ಒಂದು ಕಾಲಂ ಜಾಸ್ತಿಯಾಯಿತು. "ಸಿಟ್ಟು" ಅಂತ. ಅದನ್ನು ತುಂಬುವ ಕೆಲಸ ಮನೆಯವಳದ್ದು, ನಾನು ಬರೆದರೆ ಅದು ಸುಳ್ಳು ಲೆಕ್ಕ ಆಗುತ್ತದೆ. ಮಾರ್ಚ್ ಕೊನೆಯ ವಾರಗಳಲ್ಲಿ ಅವಳು ಹಾಕಿದ ಗೀಟುಗಳನ್ನು ಡಾಕ್ಟರಿಗೆ ತೋರಿಸಿದೆ. ಎಲ್ಲ ಗುಮಾಸ್ತರಿಗೂ ವರ್ಷದ ಲೆಕ್ಕ ಮುಗಿಸುವಾಗ ಹಾಗೇ ಇರುತ್ತದೆ ಅಂತ ಅವರು ನಕ್ಕರು. ಆದರೂ ನಿದ್ದೆ ಬಗ್ಗೆ ನಾಲ್ಕು ಪ್ರಶ್ನೆ ಕೇಳಿಯೇ ಬಿಟ್ಟರು.

ಈ ಜೂನ್‌ನಲ್ಲಿ ಪುಸ್ತಕ ನೋಡಿ ಡಾಕ್ಟರೇ ಒಂದು ಮಾತು ತೆಗೆದರು. ಮೂರು ತಿಂಗಳಲ್ಲಿ ರಾತ್ರಿ ಎಚ್ಚರ ಒಂದೂ ಇಲ್ಲ, ತುರ್ತಿನ ಪಂಪು ಎರಡೇ ಸಲ. ಗುಳಿಗೆ ನಿಲ್ಲಿಸಿ ನೋಡೋಣ, ನಿತ್ಯದ ಪಂಪು ಮಾತ್ರ ಮುಟ್ಟಬೇಡಿ ಅಂದರು. ಸೀಜನ್ ಮುಗಿದಿತ್ತು, ನೋಡಲು ಸರಿಯಾದ ಹೊತ್ತು. ಮೊದಲ ವಾರ ರಾತ್ರಿ ಡ್ರಾಯರ್ ಕಡೆ ಕೈ ಹೋಗುತ್ತಿತ್ತು. ಮಳೆಗಾಲದ ತೇವದಲ್ಲಿ ಅಂಕಿ ಒಂದೆರಡು ದಿನ 350ಕ್ಕೆ ಬಂತು, ಮತ್ತೆ 400ಕ್ಕೆ ಏರಿತು. ಪಂಪು ಎಳೆದು ಬಾಯಿ ಮುಕ್ಕಳಿಸಿ ಉಗುಳುವುದು ಈಗ ಹಲ್ಲುಜ್ಜಿದಷ್ಟೇ ರೂಢಿ. ಅಂಗಡಿಯಲ್ಲಿ ರೈತರ ಮುಂದೆಯೇ ಎಳೆಯುತ್ತೇನೆ. "ಅದು ಹತ್ತಿದ್ರ ಬಿಡಂಗಿಲ್ರಿ" ಅಂತ ಈಗಲೂ ಹೇಳುತ್ತಾರೆ. "ಬಿಟ್ಟು ನೋಡೀನ್ರಿ" ಅನ್ನುತ್ತೇನೆ.

ಹೊಸ ಕಾಯಿ ಬರುವ ಮುಂಚೆ, ಡಿಸೆಂಬರ್ ಎರಡನೇ ವಾರ, ಮತ್ತೆ ಹೋಗಬೇಕು. ಗುಳಿಗೆ ತಿರುಗಿ ಶುರು ಮಾಡುವುದೋ ಬೇಡವೋ ಅಂತ ಆಗ ತೀರ್ಮಾನ. ಪುಸ್ತಕ ಮರೀಬ್ಯಾಡ್ರಿ ಅಂದಿದ್ದಾರೆ.