‘ಗೋ’ ಆದಮೇಲೆ ಏನು ಹಾಕಬೇಕು?

ಸಂಜೆ ನಮ್ಮನೆ ಜಗಲಿಗೆ ಪಾಠಕ್ಕೆ ಬರುವ ಪಿಯುಸಿ ಹುಡುಗ ಮೊನ್ನೆ ಬರೆದಿದ್ದ: ‘ಐ ವೆಂಟ್ ಟು ಹೋಮ್ ಬೈ ವಾಕ್.’ ಆರು ಪದ, ಎರಡು ತಪ್ಪು. ಅವನದೇನೂ ದೋಷವಿಲ್ಲ ಬಿಡಿ. ನಮಗೆ ‘ಗೆ’ ಒಂದಿದ್ದರೆ ಮನೆಗೆ, ಸಂತೆಗೆ, ಮದುವೆಗೆ, ಎಲ್ಲಿಗೆ ಬೇಕಾದರೂ ಹೋಗಿಬರಬಹುದು. ಇಂಗ್ಲಿಷಿನವರಿಗೆ ಆ ಭಾಗ್ಯ ಇಲ್ಲ.

ಮೊದಲು ‘ಹೋಮ್’. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಮ್ಮ ಹಾಗೇ ವಿಭಕ್ತಿಗಳಿದ್ದವು. ‘ಹಾಮ್’ ಅನ್ನುವ ದ್ವಿತೀಯಾ ರೂಪವೊಂದೇ ‘ಮನೆಗೆ’ ಅನ್ನುವ ಅರ್ಥ ಕೊಡುತ್ತಿತ್ತು. ವಿಭಕ್ತಿಗಳು ಉದುರಿಹೋದವು, ಅರ್ಥ ಉಳಿಯಿತು. ಹಾಗಾಗಿ ‘ಹೋಮ್’ ಹೊಟ್ಟೆಯೊಳಗೇ ಒಂದು ‘ಗೆ’ ಕೂತಿದೆ. ಮೇಲೆ ‘ಟು’ ಹಾಕಿದರೆ ‘ಮನೆಗೆಗೆ’ ಅಂದ ಹಾಗೆ. ‘ಗೋ ಅಬ್ರಾಡ್’, ‘ಗೋ ದೇರ್’, ‘ಗೋ ಅಪ್‌ಸ್ಟೇರ್ಸ್’ ಇವಕ್ಕೂ ‘ಟು’ ಬೇಡ. ಮಾವನ ಮನೆಗೆ ಹೋದರೆ ಮಾತ್ರ ‘ಟು ಮೈ ಅಂಕಲ್ಸ್ ಹೌಸ್’.

‘ಬೈ’ ಏನಿದ್ದರೂ ಬರೀ ವಾಹನದ ಹೆಸರಿನ ಜೊತೆ: ಬೈ ಬಸ್, ಬೈ ಟ್ರೈನ್. ಯಾರ ಕಾರು ಅಂತ ಹೇಳಿದಿರೋ, ಅದು ‘ಇನ್ ಮೈ ಅಂಕಲ್ಸ್ ಕಾರ್’ ಆಗುತ್ತದೆ. ಬೈಕಾದರೆ ‘ಆನ್’. ಕಾಲ್ನಡಿಗೆಗೆ ‘ಆನ್ ಫುಟ್’ ಇದೆ, ಆದರೆ ಅವರು ಸಾಮಾನ್ಯವಾಗಿ ಅನ್ನುವುದು ‘ಐ ವಾಕ್ಡ್ ಹೋಮ್’ ಅಂತಲೇ.

ಓದಲು ಹೋಗುವ ಮಗು ‘ಟು ಸ್ಕೂಲ್’. ಫೀಸು ಕಟ್ಟಲು ಹೋಗುವ ಅಪ್ಪ ‘ಟು ದ ಸ್ಕೂಲ್’. ಚಿಕಿತ್ಸೆಗೆ ಹೋಗುವವರು ಬ್ರಿಟನ್ನಿನಲ್ಲಿ ‘ಟು ಹಾಸ್ಪಿಟಲ್’, ಅಮೆರಿಕದಲ್ಲಿ ‘ಟು ದ ಹಾಸ್ಪಿಟಲ್’. ಎರಡೂ ಸರಿ, ತಲೆ ಕೆಡಿಸಿಕೊಳ್ಳಬೇಡಿ.

ನಿಜವಾಗಿ ಕಾಡುವುದು ‘ಹೊಳೆಗೆ ಈಜಲು ಹೋದೆ’ ಅನ್ನುವಂಥದ್ದು. ‘ವೆಂಟ್ ಸ್ವಿಮ್ಮಿಂಗ್ ಟು ದ ರಿವರ್’ ಅಂದರೆ ಅವರ ಕಿವಿಗೆ ಹೊಳೆಯವರೆಗೂ ಈಜಿಕೊಂಡೇ ಹೋದ ಹಾಗೆ ಕೇಳುತ್ತದೆ! ಇಲ್ಲಿ ಹೊಳೆಯ ನೆಂಟಸ್ತಿಕೆ ‘ಗೋ’ ಜೊತೆ ಅಲ್ಲ, ಈಜಿನ ಜೊತೆ. ‘ಎಲ್ಲಿಗೆ ಹೋದೆ’ ಅಂತ ಕೇಳಿಕೊಳ್ಳಬೇಡಿ, ‘ಎಲ್ಲಿ ಈಜಿದೆ’ ಅಂತ ಕೇಳಿಕೊಳ್ಳಿ. ಹೊಳೆಯಲ್ಲಿ. ಹಾಗಾದರೆ ‘ವೆಂಟ್ ಸ್ವಿಮ್ಮಿಂಗ್ ಇನ್ ದ ರಿವರ್’. ಶಿವಮೊಗ್ಗಕ್ಕೆ ಸೀರೆ ಕೊಳ್ಳಲು ಹೋದರೂ ‘ವೆಂಟ್ ಶಾಪಿಂಗ್ ಇನ್ ಶಿವಮೊಗ್ಗ’. ಇನ್ನು ನಾವೆಲ್ಲ ಧಾರಾಳವಾಗಿ ಬಳಸುವ ‘ಗೋ ಫಾರ್ ವಾಕಿಂಗ್’ ಬಿಟ್ಟುಬಿಡಿ: ‘ಗೋ ವಾಕಿಂಗ್’ ಅನ್ನಿ, ಇಲ್ಲವೇ ‘ಗೋ ಫಾರ್ ಎ ವಾಕ್’. ಪ್ರವಾಸಕ್ಕೆ ‘ಆನ್ ಎ ಟ್ರಿಪ್’.

ರಾತ್ರಿ ಮಲಗುವ ಮುಂಚೆ ಆ ದಿನದ ‘ಹೋದೆ’ಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯಿರಿ, ಆರು ಸಾಲು ಸಾಕು. ನಮ್ಮ ಹುಡುಗನೂ ಬರೆದು ತಂದ. ಐದು ಸಾಲು ಸರಿ. ಆರನೆಯದು: ‘ಐ ವೆಂಟ್ ಟು ಸ್ಲೀಪ್ ಅಟ್ ಟೆನ್, ಬಟ್ ಐ ಡಿಡ್ ನಾಟ್ ಸ್ಲೀಪ್.’

‘ಗೋ ಟು ಸ್ಲೀಪ್’ ಅಂದರೆ ನಿದ್ದೆ ಬಂದೇಬಿಟ್ಟಿತು ಅಂತ ಮಾರಾಯ, ಬರೀ ಹಾಸಿಗೆಗೆ ಹೋಗುವುದಕ್ಕೆ ‘ಗೋ ಟು ಬೆಡ್’ ಅನ್ನಬೇಕು ಅಂದೆ. ‘ಹಾಗಾದ್ರೆ ಟು ದ ಬೆಡ್ ಅಂದ್ರೆ ಮೇಡಂ?’ ಅಂದ.

‘ಹಾಸಿಗೆ ಝಾಡಿಸೋಕೆ ಹೋಗೋದು.’