ಗದಗಿನ ಫುಟ್‌ಪಾತಿನಲ್ಲಿ ಹಿರಿಯರ ಹೆಸರಿನ ಕಲ್ಲು ನಿಲ್ಲಿಸುವ ಬಗೆ

ಹೆಸರಿನ ಫಲಕವನ್ನು ನೆಲಕ್ಕೆ ಸಮವಾಗಿ ಹಾಸಬೇಡಿ. ಪುಟ್ಟರಾಜ ಗವಾಯಿಗಳ ಹೆಸರನ್ನು ಗದಗಿನಲ್ಲಿ ಯಾರು ತುಳಿದಾರು? ಜನ ಅದನ್ನು ತಪ್ಪಿಸಲು ರಸ್ತೆಗಿಳಿಯುತ್ತಾರೆ, ಹಿಂದೆ ಟಂಟಂ ಬರುತ್ತಿರುತ್ತದೆ. ಕಂಪೌಂಡ್ ಗೋಡೆಯಿಂದ ಅರ್ಧ ಅಡಿ ಬಿಟ್ಟು ಕಲ್ಲನ್ನು ನಿಲ್ಲಿಸಿ. ನಿಂತವರಿಗೆ ಓದಲು ಬರುವಂತೆ ಮುಖ ತುಸು ಹಿಂದಕ್ಕೆ ವಾಲಿರಲಿ. ನಡೆಯಲು 1.8 ಮೀಟರ್ ಉಳಿಯಲೇಬೇಕು. ಉಳಿಯದಿದ್ದರೆ ಗೋಡೆಗೇ ಫಲಕ ಕೂಡಿಸಿ.

ರಸ್ತೆ ನಗರಸಭೆಯದೋ ಲೋಕೋಪಯೋಗಿ ಇಲಾಖೆಯದೋ ಕೇಳಿಕೊಂಡು ಅನುಮತಿಯನ್ನು ಬರಹದಲ್ಲೇ ಪಡೆಯಿರಿ. ನೀರಿನ ಪೈಪು, ಒಳಚರಂಡಿ ಹಾದ ಜಾಗಕ್ಕೆ ಮೊದಲೇ ಗುರುತು ಹಾಕಿಸಿ.

ಇಲ್ಲಿ ಕೆಲಸ ಕೆಡುವುದು ಎರೆಮಣ್ಣಿನಿಂದ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಕಲ್ಲು ಸೊಟ್ಟಗಾಗುತ್ತದೆ. ಎರಡು ಅಡಿ ಅಗೆದು ಆ ಮಣ್ಣನ್ನು ಪೂರ್ತಿ ಸಾಗಿಸಿ. ಅದನ್ನೇ ಮರಳಿ ತುಂಬಲು ಗೌಂಡಿಗಳಿಗೆ ಭಾರೀ ಆಸೆ, ಹತ್ತಿರ ನಿಂತಿರಿ. 5 ಇಂಚಿನ ಮೂರು ಪದರ ಗರಸು ಹಾಕಿ, ಪ್ರತಿ ಪದರಕ್ಕೂ ನೀರು ಹೊಡೆದು ದಮ್ಮಸ್ಸು ಮಾಡಿಸಿ. ಉಳಿದ 9 ಇಂಚಿಗೆ 1:2:4 ಕಾಂಕ್ರೀಟ್, ಅಂದರೆ ಒಂದು ಪಾಲು ಸಿಮೆಂಟ್, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ. 24 ಇಂಚಿನ ಕಲ್ಲಿನ ಬುಡ ಅದರಲ್ಲಿ 6 ಇಂಚು ಹೂತಿರಬೇಕು. ಒದ್ದೆ ಗೋಣಿತಟ್ಟು ಹೊದಿಸಿ 7 ದಿನ ಒಣಗದಂತೆ ನೋಡಿಕೊಳ್ಳಿ.

ಶಹಾಬಾದ್ ಕಲ್ಲು ಅಗ್ಗ, ಆದರೆ ಸುಣ್ಣಕಲ್ಲು. ಪದರ ಏಳುತ್ತದೆ, ಅಕ್ಷರ ಸವೆಯುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟ್ ತನ್ನಿ, 3 ಇಂಚು ದಪ್ಪದ್ದು, ಮುಖಕ್ಕೆ ಪಾಲಿಶ್ ಮಾಡಿದ್ದು. ಪಾಲಿಶಿನ ಮೇಲೆ ಕೊರೆದ ಅಕ್ಷರ ಎದ್ದು ಕಾಣುತ್ತದೆ, ಗುಟ್ಕಾ ಕಲೆಯೂ ಒರೆಸಿದರೆ ಹೋಗುತ್ತದೆ. ಹಿತ್ತಾಳೆ ಫಲಕ ಬೇಡವೇ ಬೇಡ, ಗುಜರಿ ಸೇರುತ್ತದೆ.

ಹೆಸರಿಗೆ ಒಂದೂವರೆ ಇಂಚಿನ ಅಕ್ಷರ, ಉಳಿದದ್ದಕ್ಕೆ ಒಂದು ಇಂಚು, ಆಳ 3 ಮಿಲಿಮೀಟರ್. ಸಾಲುಗಳನ್ನು ಇಂಗ್ಲಿಷಿನಷ್ಟು ಒತ್ತಾಗಿ ಕೂಡಿಸಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಯೂನಿಕೋಡ್ ಬರಹವನ್ನು ಹಳೆಯ ಡಿಸೈನ್ ಸಾಫ್ಟ್‌ವೇರಿಗೆ ಹಾಕಿದಾಗ ಒತ್ತು ಕೆಳಗಿಳಿಯದೆ ‘ಪುಟ್ಟರಾಜ’ ಹೋಗಿ ‘ಪುಟ್‌ಟರಾಜ’ ಆಗುವುದುಂಟು. ಅಕ್ಷರಗಳನ್ನು ಕರ್ವ್ ಮಾಡಿಯೇ, ಅಂದರೆ ಫಾಂಟ್ ಬೇಡದ ಗೆರೆಚಿತ್ರವಾಗಿಸಿಯೇ ಕಳಿಸಿ. ಕೊರೆಯುವ ಮುಂಚೆ ಪೂರ್ಣ ಅಳತೆಯ ಪ್ರಿಂಟ್ ತೆಗೆದು ಕಲ್ಲಿಗೆ ಅಂಟಿಸಿ, ಬರೆದವರಲ್ಲದ ಇಬ್ಬರಿಂದ ಜೋರಾಗಿ ಓದಿಸಿ. ಕಲ್ಲಿನ ಮೇಲೆ ತಿದ್ದಲು ಬರುವುದಿಲ್ಲ.

ಹೆಸರು ಬಿಟ್ಟು 15 ಪದ ಮೀರಬಾರದು. ಇಸವಿ, ಊರು, ಏನು ಮಾಡಿದರು, ಅಷ್ಟೇ. ಜಿಲ್ಲೆಯ ಹೆಸರಿನ ತಂಟೆಗೆ ಹೋಗಬೇಡಿ: ಪುಟ್ಟರಾಜರು 1914ರಲ್ಲಿ ಹುಟ್ಟಿದಾಗ ಹಾನಗಲ್ಲ ತಾಲ್ಲೂಕಿನ ದೇವಗಿರಿ ಧಾರವಾಡ ಜಿಲ್ಲೆಯಲ್ಲಿತ್ತು, ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಯಾವುದನ್ನು ಕೊರೆಸಿದರೂ ಒಬ್ಬರ ತಕರಾರು ಇದ್ದದ್ದೇ. ‘ಹಾನಗಲ್ಲ ಬಳಿಯ ದೇವಗಿರಿ’ ಎಂದರೆ ಸಾಕು. ಉದ್ಘಾಟಕರ ಹೆಸರು ಹಾಕಲೇಬೇಕೆಂದು ಯಾರಾದರೂ ಪಟ್ಟು ಹಿಡಿದರೆ, ಗೋಡೆ ಕಡೆಯ ಬೆನ್ನು ಖಾಲಿ ಇರುತ್ತದೆ.